ದಂಡಿನ ಅಡುಗೆಯವಳ ಮೂಗು

ಅನಘಾ, ಮೊನ್ನೆ ನೀನು ನಮ್ಮ ಮನೆಗೆ ಬಂದು, ಬೆಟಾಲಿಯನ್ ಸರ್ಜನ್ ಆಗಿ ಸೇರುತ್ತಿದ್ದೇನೆ ಎಂದಾಗ ನಿನ್ನ ಅಮ್ಮನ ಮುಖ ನೋಡಬೇಕಿತ್ತು. ಪಾಪ, ಅವಳ ಕಣ್ಣ ಮುಂದೆ ಗುಂಡು, ರಕ್ತ, ಗರಗಸ ಎಲ್ಲ ಕುಣಿದಿರಬೇಕು. "ಅಕ್ಕಾ, ಇವಳಿಗೆ ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ" ಅಂದಳು. ನೀನು ನನ್ನ ಕಡೆ ತಿರುಗಿ, "ಆಂಟಿ, ಆಕ್ಚುಯಲಿ ದಿನಾ ಏನ್ ಮಾಡ್ತಿದ್ರಿ?" ಎಂದು ಕೇಳಿದೆ. ಅವತ್ತು ಒಲೆಯ ಮೇಲೆ ಒಬ್ಬಟ್ಟು ಇತ್ತು, ಉತ್ತರ ಹೇಳಲಾಗಲಿಲ್ಲ. ಈಗ ಬರೆಯುತ್ತಿದ್ದೇನೆ. ಕನ್ನಡ ಓದುವುದು ನಿನಗೆ ನಿಧಾನ ಎಂದು ಗೊತ್ತು. ಅಮ್ಮನ ಹತ್ತಿರ ಓದಿಸಿಕೋ, ಅವಳ ಹೆದರಿಕೆಯೂ ಸ್ವಲ್ಪ ಇಳಿದೀತು.

ಮೊದಲು ಆ ಸರ್ಜನ್ ಎನ್ನುವ ಹೆಸರಿಗೆ ಮರುಳಾಗಬೇಡ. ಕುದುರೆ, ಡೇರೆಗಳ ಕಾಲದಲ್ಲಿ ಪ್ರತಿಯೊಂದು ದಂಡಿಗೂ ಒಬ್ಬ ಸರ್ಜನ್ ಇರುತ್ತಿದ್ದ. ಕುದುರೆ ಹೋಯಿತು, ಹೆಸರು ಉಳಿಯಿತು. ನಾನು ಮೈಸೂರಿನಲ್ಲಿ ಓದಿ, ಪಸಡೀನಾದಲ್ಲಿ ಕೆಮ್ಮು, ಬೀಪಿ, ಶುಗರ್ ನೋಡಿಕೊಂಡಿದ್ದ ಸಾಮಾನ್ಯ ಫ್ಯಾಮಿಲಿ ಡಾಕ್ಟರು. ನಮ್ಮ ಮನೆಯವರಿಗೆ, ಅಂದರೆ ನಿಮ್ಮ ಅಂಕಲ್‌ಗೆ, ಸ್ಯಾನ್ ಡಿಯೇಗೋದಲ್ಲಿ ಕೆಲಸವಾಯಿತು, ಮಕ್ಕಳು ಕಾಲೇಜಿಗೆ ಹೋದರು, ಮನೆ ಬಿಕೋ ಎನ್ನತೊಡಗಿತು. ರಾಜ್ಯದ ಮೀಸಲು ಸೇನೆಗೆ ಡಾಕ್ಟರುಗಳು ಬೇಕಂತೆ ಎಂದು ಕೇಳಿ ಅಪ್ಲೈ ಮಾಡಿಬಿಟ್ಟೆ. ತಿಂಗಳಿಗೊಂದು ವಾರಾಂತ್ಯ ಕವಾಯತು, ಬೇಸಿಗೆಯಲ್ಲಿ ಒಂದು ಕ್ಯಾಂಪು, ರಾಜ್ಯಕ್ಕೆ ಕಷ್ಟ ಬಂದರೆ ಕರೆ. ಅಷ್ಟು ವರ್ಷದ ಸೇವೆಯಲ್ಲಿ ನಾನು ಬ್ಲೇಡು ಹಿಡಿದದ್ದು ಕಾಲಿನ ಆಣಿ ಕೆರೆಯಲು ಮಾತ್ರ ಎಂದರೆ ನಂಬು.

ಆ ಹಳೆಯ ಕಾಲದ ಸರ್ಜನ್ ಕೂಡ ದಿನಾ ಕೈಕಾಲು ಕತ್ತರಿಸುತ್ತಾ ಕೂತಿರಲಿಲ್ಲ. ಯುದ್ಧವಿಲ್ಲದ ದಿನಗಳೇ ಹೆಚ್ಚು. ಆ ದಿನಗಳಲ್ಲಿ ಅವನು ನೋಡುತ್ತಿದ್ದದ್ದು ಕುಡಿಯುವ ನೀರು, ಕಕ್ಕಸಿನ ಗುಂಡಿ, ಸಿಪಾಯಿಗಳ ಪಾದ, ಅಡುಗೆಮನೆಯ ಹಂಡೆ. ನಾನು ನೋಡಿದ್ದೂ ಅವನ್ನೇ, ನೀನು ನೋಡುವುದೂ ಅವನ್ನೇ. ಇದರಲ್ಲಿ ಬೇಸರಪಡುವಂಥದ್ದು ಏನೂ ಇಲ್ಲ.

ಎರಡನೆಯ ಮಾತು. ಕ್ಲಿನಿಕ್ಕಿಗೆ ಬರುವವರು ಇಲ್ಲದ ರೋಗವನ್ನೂ ಹೇಳುತ್ತಾರೆ, ದಂಡಿನವರು ಇರುವ ರೋಗವನ್ನೂ ಮುಚ್ಚಿಡುತ್ತಾರೆ. ಡಾಕ್ಟರು ಒಂದು ಮಾತು ಹೇಳಿದರೆ ಕ್ಯಾಂಪು ತಪ್ಪುತ್ತದೆ, ಜೊತೆಗಾರರು ಮುಂದೆ ಹೋಗುತ್ತಾರೆ, ತಾನು ಮನೆಯಲ್ಲಿ ಕೂರಬೇಕಾಗುತ್ತದೆ ಎಂಬ ಭಯ. ನನ್ನ ಮೊದಲ ವರ್ಷ ಒಬ್ಬ ಆರಡಿ ಆಳು ಮುರಿದ ಕಾಲ್ಬೆರಳಿನಲ್ಲೇ ಬೆಟ್ಟ ಹತ್ತಿ ಬಂದು, "ಏನಿಲ್ಲ ಮೇಡಂ, ಸಾಕ್ಸ್ ಟೈಟು" ಎಂದಿದ್ದ. ಅವನ ಪಾದ ನೋಡಲು ಬಗ್ಗಿದಾಗ ನನ್ನ ಬೂಟು ಪಕ್ಕದವನಿಗೆ ತಗುಲಿತು. ನಮ್ಮ ಅಭ್ಯಾಸ ಬಿಡುತ್ತದೆಯೇ? ಥಟ್ಟನೆ ಅವನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. "ಇದು ಯಾವ ಟೆಸ್ಟ್ ಮೇಡಂ?" ಎಂದು ಗಾಬರಿಯಿಂದ ಕೇಳಿದ ಅವನು. "ನಿನ್ನದು ನಾರ್ಮಲ್ ಇದೆ, ಹೋಗು" ಎಂದು ಕಳಿಸಿದೆ. ಅವರೆಲ್ಲ ಆಡಿದ್ದು ಇಂಗ್ಲಿಷೇ. ನನ್ನ ತಲೆಯೊಳಗೆ ಕೇಳಿಸಿದ ಹಾಗೆ ಬರೆಯುತ್ತಿದ್ದೇನೆ.

ಎರಡು ಸಾವಿರದ ಇಪ್ಪತ್ತರಲ್ಲಿ ಸೋಂಕು ಬಂದಾಗ ನಮಗೆ ಕರೆ ಬಂತು. ಲಾಸ್ ಏಂಜಲೀಸ್ ಸುತ್ತಮುತ್ತಲ ವೃದ್ಧಾಶ್ರಮಗಳಲ್ಲಿ ಕೆಲಸದವರೇ ಮಲಗಿಬಿಟ್ಟಿದ್ದರು, ನಮ್ಮ ಹುಡುಗರು ಹೋಗಿ ಹಾಸಿಗೆ ಬದಲಿಸಿದರು, ಊಟ ತಿನ್ನಿಸಿದರು. ನನ್ನ ಕೆಲಸದ ರೀತಿಯೂ ಒಂದೇ ತಿಂಗಳಲ್ಲಿ ಬದಲಾಯಿತು. ಸಾಲು ನಿಲ್ಲಿಸಿ ನೋಡುತ್ತಿದ್ದವಳು ಈಗ ಫೋನಿನ ವಿಡಿಯೋದಲ್ಲಿ "ಗಂಟಲು ತೋರಿಸು" ಎನ್ನಬೇಕಾಯಿತು. ಒಬ್ಬ ಸೂರು ತೋರಿಸುತ್ತಿದ್ದ, ಇನ್ನೊಬ್ಬ ಕಿವಿ. ಮೊದಮೊದಲು ಬೈದುಕೊಂಡೆ. ಆಮೇಲೆ ಗೊತ್ತಾಯಿತು, ಎದುರು ಕೂತು ಸುಳ್ಳು ಹೇಳುತ್ತಿದ್ದವರು ತಮ್ಮ ಮನೆಯ ಮಂಚದ ಮೇಲೆ ಕೂತು ನಿಜ ಹೇಳುತ್ತಿದ್ದರು. ವಿಡಿಯೋ ಬಂದದ್ದರಿಂದ ಅದೊಂದು ಲಾಭ.

ಆ ಕಷ್ಟಕಾಲದಲ್ಲಿ ನಮ್ಮನ್ನು ಕಾಪಾಡಿದವಳು ಸಾರ್ಜೆಂಟ್ ಡೆಲ್ಗಾಡೊ. ನಮ್ಮ ದಂಡಿನ ಅಡುಗೆಯ ಮುಖ್ಯಸ್ಥೆ. ನಲವತ್ತು ದಾಟಿದ ಗುಂಡುಗುಂಡಗಿನ ಹೆಂಗಸು, ಬಾಯಿ ಜೋರು, ಕೈ ಅದಕ್ಕಿಂತ ಜೋರು. ದೊಡ್ಡ ಹಂಡೆಯ ಮೇಲೆ ಬಗ್ಗಿ ಒಮ್ಮೆ ಮೂಸಿದರೆ ಸಾಕು, ಉಪ್ಪು ಕಡಿಮೆಯೋ ಹೆಚ್ಚೋ ಹೇಳುತ್ತಿದ್ದಳು. ನಾನು ಮಾಂಸ ತಿನ್ನದವಳು ಎಂದು ಗೊತ್ತಾದ ದಿನದಿಂದ ನನಗೆಂದೇ ಬೀನ್ಸು ಬೇರೆ ಬೇಯಿಸುತ್ತಿದ್ದಳು, ಅದಕ್ಕೆ ಬೇರೆ ಸೌಟು. ನಮ್ಮ ಅತ್ತೆಯೂ ನನಗೆ ಅಷ್ಟು ಮಡಿ ಮಾಡಿದವರಲ್ಲ. ಆ ಚಳಿಗಾಲ ಅವಳಿಗೂ ಸೋಂಕು ತಗುಲಿತು. ಜ್ವರ ಬಂತು, ಹೋಯಿತು, ಕೆಲಸಕ್ಕೆ ಮರಳಿದಳು. ನಾನು ವಿಡಿಯೋದಲ್ಲಿ ಕೇಳಿದ ಪ್ರಶ್ನೆಗಳಿಗೆಲ್ಲ "ಫೈನ್, ಫೈನ್" ಎಂದಿದ್ದಳು.

ಮುಂದಿನ ವರ್ಷದ ಮೊದಲ ತಿಂಗಳುಗಳು. ಸ್ಯಾನ್ ಡಿಯೇಗೋದ ನಮ್ಮ ಕವಾಯತು ಕಟ್ಟಡದಲ್ಲಿ ವಾರಾಂತ್ಯದ ತರಬೇತಿ ನಡೆದಿತ್ತು. ಮಧ್ಯಾಹ್ನಕ್ಕೆ ನಾನು ಮನೆಯಿಂದ ಮಜ್ಜಿಗೆ ಒಯ್ಯುತ್ತಿದ್ದೆ. ಅದಕ್ಕೆ ಹಾಕಲೆಂದು ಮೈಸೂರಿನಿಂದ ನಾದಿನಿ ಕಳಿಸಿದ ಗಟ್ಟಿ ಇಂಗು ಒಂದು ಪುಟ್ಟ ಡಬ್ಬಿಯಲ್ಲಿತ್ತು. ಅವಳು ಕಳಿಸುವ ಇಂಗು ಅಂಗಡಿಯ ಪುಡಿಯಂತಲ್ಲ, ಡಬ್ಬಿ ಇಟ್ಟ ಕಪಾಟೇ ಘಮ್ಮೆನ್ನುತ್ತದೆ. ಅವತ್ತು ಚಳಿ ಇತ್ತು, ಹೀಟರು ಹಾಕಿದ್ದರು. ನಾನು ಬ್ಯಾಗನ್ನು ಬಿಸಿಗಾಳಿ ಬರುವ ಜಾಲರಿಯ ಪಕ್ಕದಲ್ಲೇ ಇಟ್ಟು ಪಾದ ನೋಡಲು ಹೋದೆ. ಡಬ್ಬಿಯ ಮುಚ್ಚಳ ಯಾವಾಗ ಸಡಿಲವಾಯಿತೋ ಆ ರಾಮನಿಗೇ ಗೊತ್ತು.

ಸ್ವಲ್ಪ ಹೊತ್ತಿಗೆ ಯಾರೋ "ಗ್ಯಾಸ್ ಲೀಕ್!" ಎಂದು ಕೂಗಿದರು. ಈ ದೇಶದಲ್ಲಿ ಅಡುಗೆ ಗ್ಯಾಸಿಗೆ ಬೆರೆಸುವ ವಾಸನೆಗೂ ನಮ್ಮ ಇಂಗಿಗೂ ಹತ್ತಿರದ ನೆಂಟಸ್ತನವಿದೆ ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಗಂಟೆ ಬಾರಿಸಿದರು. ಇಡೀ ಕಟ್ಟಡ ಖಾಲಿಯಾಗಿ ಎಲ್ಲರೂ ಪಾರ್ಕಿಂಗ್ ಲಾಟಿನಲ್ಲಿ ಸಾಲು ನಿಂತೆವು. ನನ್ನ ಮೂಗಿಗೆ ಮಾತ್ರ ಏನೂ ತಟ್ಟಲಿಲ್ಲ. ಇಂಗಿನ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ಅದು ಗಾಬರಿಯ ವಾಸನೆ ಹೇಗಾದೀತು! ಎಣಿಸಿ ನೋಡಿದರೆ ಒಬ್ಬರು ಕಡಿಮೆ.

ಆಗ ಅಡುಗೆಮನೆಯ ಬಾಗಿಲು ತೆರೆದುಕೊಂಡಿತು. ಡೆಲ್ಗಾಡೊ ಸೌಟು ಹಿಡಿದು ಹೊರಗೆ ಬಂದಳು.

"ಎಲ್ರೂ ಎಲ್ಲಿಗೆ ಹೋದ್ರಿ? ಊಟ ತಣ್ಣಗಾಗ್ತಿದೆ!"

"ಗಂಟೆ ಕೇಳಿಸ್ಲಿಲ್ವಾ?" ಎಂದರು ನಮ್ಮ ಕಮಾಂಡರ್, ಕರ್ನಲ್ ಹೇಸ್.

"ಪ್ರ್ಯಾಕ್ಟೀಸ್ ಅಂದ್ಕೊಂಡೆ ಸರ್."

"ವಾಸನೆ ಬರ್ಲಿಲ್ವಾ?"

"ಯಾವ ವಾಸನೆ?" ಎಂದಳು. ಎಲ್ಲರೂ ಗೊಳ್ಳೆಂದು ನಕ್ಕರು. ಅವಳೂ ನಗಲು ಹೋದಳು, ಆದರೆ ಮುಖ ಬಿಳುಚಿಕೊಂಡಿತು. ಅದನ್ನು ಕಂಡವಳು ನಾನೊಬ್ಬಳೇ.

ಅಗ್ನಿಶಾಮಕದವರು ಬಂದು, ಗ್ಯಾಸಿಲ್ಲ ಎಂದು ಖಾತ್ರಿ ಮಾಡಿ, ವಾಸನೆಯ ಜಾಡು ಹಿಡಿದು ನನ್ನ ಬ್ಯಾಗಿಗೆ ಬಂದರು. ಗ್ಲೌಸು ಹಾಕಿಕೊಂಡು, ಕೈ ಉದ್ದ ಚಾಚಿ, ಆ ಡಬ್ಬಿಯನ್ನು ಬಾಂಬಿನಂತೆ ಹೊರಗೆ ತಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

"ಡಾಕ್ಟರ್, ಇದು ತಿನ್ನೋ ಪದಾರ್ಥವೇ?" ಎಂದರು ಕರ್ನಲ್. ಅವರು ನಗುವ ಮನುಷ್ಯರಲ್ಲ. ಇಸ್ತ್ರಿ ಮಾಡಿದ ಬಟ್ಟೆ, ಇಸ್ತ್ರಿ ಮಾಡಿದ ಮುಖ.

"ಹೌದು ಸರ್. ಹೊಟ್ಟೆಗೆ ಒಳ್ಳೇದು."

"ಇನ್ಮೇಲೆ ಇದು ನಿಮ್ಮ ಮನೆಯವರ ಹೊಟ್ಟೆಗೇ ಇರಲಿ."

ಮನೆಗೆ ಬಂದು ಹೇಳಿದರೆ ನಿಮ್ಮ ಅಂಕಲ್ ಬಿದ್ದು ಬಿದ್ದು ನಕ್ಕರು. "ನಮ್ಮನೆ ಒಗ್ಗರಣೆಗೆ ಒಂದು ದಂಡೇ ಓಡಿಹೋಯ್ತಲ್ಲೇ!" ಅಂದರು. ನನಗೆ ನಗು ಬರಲಿಲ್ಲ. ಮನೆಗೆ ಬರುವ ಮೊದಲು ಡೆಲ್ಗಾಡೊಳನ್ನು ಉಗ್ರಾಣಕ್ಕೆ ಕರೆದು ಬಾಗಿಲು ಹಾಕಿಕೊಂಡಿದ್ದೆ.

"ಎಷ್ಟು ದಿನದಿಂದ?" ಎಂದು ಕೇಳಿದ್ದೆ.

ಬೇಳೆಯ ಮೂಟೆಯ ಮೇಲೆ ಕುಸಿದು ಕೂತಳು. "ಜ್ವರ ಬಂದಾಗಿನಿಂದ. ಏನೂ ಇಲ್ಲ ಮೇಡಂ. ಬೆಳ್ಳುಳ್ಳಿ ಇಲ್ಲ, ಹೊಗೆ ಇಲ್ಲ, ನನ್ನ ಬೆವರೂ ಇಲ್ಲ. ಅಳತೆ ನೋಡಿ ಹಾಕ್ತೀನಿ, ಬಣ್ಣ ನೋಡಿ ಇಳಿಸ್ತೀನಿ. ಯಾರಿಗೂ ಗೊತ್ತಾಗಿಲ್ಲ. ದಯವಿಟ್ಟು ಹೇಳ್ಬೇಡಿ."

"ಹಾಲು ಕೆಟ್ಟಿದ್ರೆ?"

ಏಪ್ರನ್ನಿನ ದಾರ ಬಿಚ್ಚಿ ಮತ್ತೆ ಕಟ್ಟಿಕೊಂಡಳು.

"ಇವತ್ತು ನಿಜವಾಗ್ಲೂ ಗ್ಯಾಸ್ ಆಗಿದ್ರೆ? ನಿನ್ನ ಒಲೆ ಉರೀತಿತ್ತಲ್ಲೇ ತಾಯಿ!"

"ಬೇರೆ ಕೆಲಸ ಕೊಡ್ತಾರೆ, ಗೊತ್ತು. ಟ್ರಕ್ಕಿನ ಟೈರು ನೋಡ್ಕೊಂಡು ಕೂರಲಾ? ಹಸಿದು ಬಂದವರಿಗೆ ತಟ್ಟೆ ತುಂಬಿ ಕೊಡೋದು ಬಿಟ್ಟು ನಂಗಿನ್ನೇನೂ ಬರಲ್ಲ. ಅಡುಗೆಮನೆ ಹೋದ್ರೆ ನಾನು ಯಾರು, ಹೇಳಿ?"

ಅನಘಾ, ಗಮನವಿಟ್ಟು ಕೇಳು. ಇಂಥ ಗಳಿಗೆ ನಿನಗೂ ಬರುತ್ತದೆ. ಅವಳು ನನ್ನ ಗೆಳತಿ, ಹೊರಗೆ ನಿಂತವರೆಲ್ಲ ನನ್ನ ಹೊಣೆ. ನನಗೆ ಅಳು ಬಂತು, ಅತ್ತೂಬಿಟ್ಟೆ. ಆದರೂ ಅತ್ತ ಮೇಲೆ ನೇರವಾಗಿ ಕರ್ನಲ್ ಹತ್ತಿರ ಹೋದೆ. ಹೋಗುವ ಮೊದಲು ಅವಳಿಗೇ ಹೇಳಿ ಹೋದೆ. ಯಾರ ಬೆನ್ನ ಹಿಂದೆಯೂ ಹೋಗಿ ಹೇಳಬೇಡ, ಅಷ್ಟೇ ನಾನು ಕಲಿಸಬಲ್ಲದ್ದು.

ಕರ್ನಲ್ ಒಂದೇ ಮಾತು ಹೇಳಿದರು: "ಅಡುಗೆಮನೆಯಿಂದ ತೆಗೀರಿ."

"ಒಲೆಯಿಂದ ತೆಗೀತೀನಿ ಸರ್, ಅಡುಗೆಮನೆಯಿಂದ ಬೇಡ. ತರಕಾರಿ ಹೆಚ್ಚಲಿ, ಬಡಿಸಲಿ. ಮೂಗಿನ ಕೆಲಸ ಬೇರೆಯವರು ನೋಡ್ಕೊಳ್ಳಲಿ. ಮೂಗು ವಾಪಸ್ ಬರಬಹುದು."

"ಬರಬಹುದೋ, ಬರುತ್ತೋ?"

"ಬರಬಹುದು."

ಮೇಜಿನ ಮೇಲಿನ ಪೆನ್ನನ್ನು ಸ್ವಲ್ಪ ಹೊತ್ತು ನೇರ ಮಾಡುತ್ತಾ ಕೂತರು. "ಮುಂದಿನ ವರ್ಷದ ಬೇಸಿಗೆ ಕ್ಯಾಂಪಿನವರೆಗೆ. ಕ್ಯಾಂಪಿನ ಹಿಂದಿನ ದಿನ ನಾನೇ ಪರೀಕ್ಷೆ ಮಾಡ್ತೀನಿ. ಸರಿ ಇಲ್ಲದಿದ್ರೆ ಬೇರೆ ವಿಭಾಗ. ಆಗ ನೀವು ಮತ್ತೆ ಬಂದು ಮಾತಾಡಬಾರದು."

ಡೆಲ್ಗಾಡೊ ನನ್ನ ಜೊತೆ ಮಾತು ಬಿಟ್ಟಳು. ನನ್ನ ಬೀನ್ಸು ಎಲ್ಲರ ಹಂಡೆಯಲ್ಲೇ ಸೇರಿಹೋಯಿತು. ಆದರೆ ಔಷಧಕ್ಕೆ ನನ್ನ ಹತ್ತಿರವೇ ಬರಬೇಕಲ್ಲ! ಔಷಧವೆಂದರೆ ಮಾತ್ರೆಯಲ್ಲ. ಸಣ್ಣ ಗಾಜಿನ ಸೀಸೆಗಳಲ್ಲಿ ನಿಂಬೆ, ಲವಂಗ, ಗುಲಾಬಿ, ನೀಲಗಿರಿ ಎಣ್ಣೆ. ಬೆಳಿಗ್ಗೆ ಸಂಜೆ ಒಂದೊಂದನ್ನೇ ಮೂಸುತ್ತಾ, ಅದು ಹೇಗಿತ್ತೆಂದು ಮನಸ್ಸಿನಲ್ಲಿ ನೆನೆಸಿಕೊಳ್ಳಬೇಕು. ನಾವು ಓದುವಾಗ ಇಂಥದ್ದೊಂದು ಚಿಕಿತ್ಸೆ ಎಂದರೆ ಪ್ರೊಫೆಸರು ಹೊರಗೆ ನಿಲ್ಲಿಸುತ್ತಿದ್ದರು. ಸೋಂಕು ಬಂದ ಮೇಲೆ ಅದೇ ದಾರಿಯಾಯಿತು. "ಇದನ್ನ ಮೂಸೋಕೆ ನೀವು ಡಾಕ್ಟರಿಕೆ ಓದಬೇಕಿತ್ತಾ?" ಎಂದಳು ಡೆಲ್ಗಾಡೊ. ಮಾತು ಬಿಟ್ಟ ಮೇಲೆ ಆಡಿದ ಮೊದಲ ಮಾತು ಅದು. ನನಗೆ ಹಾಯೆನಿಸಿತು. ಬೈಗುಳವಾದರೂ ಮಾತು ಮಾತೇ.

ಅವಳು ತನ್ನದೇ ಸೀಸೆಗಳನ್ನು ಸೇರಿಸಿಕೊಂಡಳು. ಹುರಿದ ಜೀರಿಗೆ, ಒಣಮೆಣಸಿನಕಾಯಿ, ಕಾಫಿಪುಡಿ. ತಿಂಗಳುಗಟ್ಟಲೆ ಮೂಸಿದಳು. ಏನೂ ಇಲ್ಲ. ಪ್ರತಿ ಕವಾಯತಿನಲ್ಲೂ ನಾನು ಹುಬ್ಬೇರಿಸುತ್ತಿದ್ದೆ, ಅವಳು ತಲೆಯಾಡಿಸುತ್ತಿದ್ದಳು. ಅವಳು ಈರುಳ್ಳಿ ಹೆಚ್ಚುವುದನ್ನು ಬಾಗಿಲಲ್ಲಿ ನಿಂತು ನೋಡಿ ಸುಮ್ಮನೆ ಹಿಂದಿರುಗುತ್ತಿದ್ದೆ. ಅವಳ ಕಣ್ಣಲ್ಲಿ ನೀರು ಬರುತ್ತಿತ್ತು, ಅದು ಈರುಳ್ಳಿಯದೋ ಮತ್ತೊಂದೋ ಕೇಳುವ ಧೈರ್ಯವಾಗಲಿಲ್ಲ.

ಒಂದು ಭಾನುವಾರ ಕ್ಯಾಲಬಾಸಸ್ ದೇವಸ್ಥಾನದಲ್ಲಿ ಮಂಗಳಾರತಿಗೆ ನಿಂತಿದ್ದೆ. ಫೋನು ಜೇಬಿನಲ್ಲಿ ಗುರ್‍ರೆಂದಿತು, ನಿಂತಿತು, ಮತ್ತೆ ಗುರ್‍ರೆಂದಿತು. ಹೊರಗೆ ಓಡಿಬಂದು ಎತ್ತಿದೆ.

ಅತ್ತ ಕಡೆ ಡೆಲ್ಗಾಡೊ ಬಿಕ್ಕುತ್ತಿದ್ದಳು. "ಮುಗೀತು ಮೇಡಂ. ಕಾಫಿ ಕಾಸಿದೆ, ಥೂ, ಸುಟ್ಟ ರಬ್ಬರ್ ನಾತ. ಈರುಳ್ಳಿ ಚರಂಡಿ ಥರ. ನನ್ನ ಮೂಗು ಪೂರ್ತಿ ಹಾಳಾಯ್ತು."

"ಭೇಷ್!" ಎಂದು ಕಿರುಚಿದೆ. ಕಾರು ನಿಲ್ಲಿಸುತ್ತಿದ್ದವರೆಲ್ಲ ತಿರುಗಿ ನೋಡಿದರು.

"ನಿಮಗೆ ತಲೆ ಕೆಟ್ಟಿದ್ಯಾ?"

"ಹಾಳಾಗಿಲ್ಲ ಕಣಮ್ಮ, ರಿಪೇರಿ ನಡೀತಿದೆ! ಸತ್ತ ನರ ಮತ್ತೆ ಚಿಗುರ್ತಿದೆ. ತಂತಿ ಅದಲು ಬದಲು ಸಿಕ್ಕಿಸಿದ ಹಾಗೆ ಮೊದ್ಲು ತಪ್ಪು ವಾಸನೆ ಬರುತ್ತೆ. ಆಮೇಲೆ ಸರಿ ಹೋಗುತ್ತೆ."

"ಹೋಗುತ್ತೋ, ಹೋಗಬಹುದೋ?"

ಕರ್ನಲ್ ಕೇಳಿದ ಪ್ರಶ್ನೆಯನ್ನೇ ಇವಳೂ ಕೇಳಿದಳು. "ಹೋಗುತ್ತೆ" ಎಂದುಬಿಟ್ಟೆ. ನನಗೂ ಖಾತ್ರಿ ಇರಲಿಲ್ಲ. ಒಳಗೆ ಹೋಗಿ, ಆಡಿದ ಮಾತು ಉಳಿಸಪ್ಪ ಎಂದು ವೆಂಕಟರಮಣನಿಗೆ ಕೈಮುಗಿದೆ.

ಆಮೇಲಿನ ತಿಂಗಳುಗಳು ಮೊದಲಿನದಕ್ಕಿಂತ ಕಷ್ಟವಾದವು. ಏನೂ ಇಲ್ಲದಿದ್ದ ಮೂಗಿಗೆ ಈಗ ಎಲ್ಲವೂ ಹೊಲಸು. ಅನ್ನ ಹೊಲಸು, ಸೋಪು ಹೊಲಸು. ಇಳಿದುಹೋದಳು, ಅಂಗಿ ಜೋಲತೊಡಗಿತು. ನಿಧಾನವಾಗಿ ನಿಂಬೆ ನಿಂಬೆಯಾಯಿತು. ಆಮೇಲೆ ಜೀರಿಗೆ. ಆದರೆ ಮಧ್ಯೆ ಮಧ್ಯೆ ಇಲ್ಲದ ವಾಸನೆಯೊಂದು ಬಂದು ಹೋಗುತ್ತಿತ್ತು. ಖಾಲಿ ಕೋಣೆಯಲ್ಲಿ ಹೊಗೆ, ತೊಳೆದ ಪಾತ್ರೆಯಲ್ಲಿ ಕೊಳೆತ ಮೊಟ್ಟೆ. "ಮೂಗು ಬಂತು ಮೇಡಂ, ಆದ್ರೆ ಸುಳ್ಳು ಹೇಳುತ್ತೆ. ಯಾವುದನ್ನ ನಂಬ್ಲಿ?" ಎನ್ನುತ್ತಿದ್ದಳು. ನಾನು ನಿಂಬೆಯ ಸೀಸೆಯನ್ನೇ ಮತ್ತೆ ಅವಳ ಕೈಗಿಡುತ್ತಿದ್ದೆ.

ಮರುವರ್ಷದ ಬೇಸಿಗೆ ಬಂತು. ಕ್ಯಾಂಪು ಸ್ಯಾನ್ ಡಿಯೇಗೋದ ಪೂರ್ವಕ್ಕೆ ಒಣ ಗುಡ್ಡಗಳ ನಡುವೆ. ಹಿಂದಿನ ದಿನ ಕರ್ನಲ್ ಕೋಣೆಯಲ್ಲಿ ಪರೀಕ್ಷೆ. ಮುಚ್ಚಿದ ಕಪ್ಪುಗಳನ್ನು ನಾನು ಜೋಡಿಸಿದ್ದೆ. ಕೆಲವದರಲ್ಲಿ ತಾಜಾ ಹಾಲು, ಕೆಲವದರಲ್ಲಿ ಹುಳಿಯಾದದ್ದು, ಒಂದರಲ್ಲಿ ಹಳಸಿದ ಕೋಳಿಸಾರು. ಕಟ್ಟಡದೊಳಗೆ ಆಗ ಇನ್ನೂ ಮಾಸ್ಕ್ ಹಾಕಬೇಕಿತ್ತು. ಕರ್ನಲ್ ಮತ್ತು ನಾನು ಬಿಗಿ ಮಾಸ್ಕಿನಲ್ಲಿ ಕೂತೆವು. ಡೆಲ್ಗಾಡೊ ಮಾತ್ರ ತನ್ನದನ್ನು ತೆಗೆದು, ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡಳು.

"ತಾಜಾ... ಹುಳಿ... ತಾಜಾ... ಇದು ಕೋಳಿ, ನಾಯಿಗೂ ಹಾಕ್ಬಾರ್ದು..." ಒಂದೊಂದೂ ಸರಿಯಾಗಿತ್ತು. ಕೊನೆಯ ಕಪ್ಪನ್ನು ಎರಡು ಸಲ ಮೂಗಿಗೆ ಹಿಡಿದಳು. ಅದರಲ್ಲಿ ಇದ್ದದ್ದು ತಾಜಾ ಹಾಲು.

"ಹಾಲು ಸರಿ ಇದೆ" ಎಂದಳು ಮೆಲ್ಲಗೆ. "ಆದ್ರೆ ಏನೋ ಕೊಳೆತಿದೆ. ಕಪ್ಪಲ್ಲಿ ಅಲ್ಲ."

ಅಯ್ಯೋ, ಕೆಟ್ಟಿತು ಅಂದುಕೊಂಡೆ. ಸುಳ್ಳು ವಾಸನೆ ಇವತ್ತೇ ಬರಬೇಕಿತ್ತೇ! ಕರ್ನಲ್ ಕುರ್ಚಿ ಹಿಂದಕ್ಕೆ ಸರಿಸಿದರು. "ಇಲ್ಲಿ ಇನ್ನೇನೂ ಇಲ್ಲ ಸಾರ್ಜೆಂಟ್. ಡಾಕ್ಟರ್, ನಿಮ್ಮ ಪ್ರಯತ್ನಕ್ಕೆ ಧನ್ಯವಾದ."

ಡೆಲ್ಗಾಡೊ ಕಣ್ಣಿನ ಬಟ್ಟೆ ಕಿತ್ತಳು. ಸುಮ್ಮನಿದ್ದಿದ್ದರೆ ಪಾಸಾಗುತ್ತಿದ್ದಳು, ಅದು ಅವಳಿಗೂ ಗೊತ್ತಿತ್ತು. ಒಮ್ಮೆ ನನ್ನನ್ನು ನೋಡಿದಳು, ಉಸಿರೆಳೆದುಕೊಂಡಳು.

"ಸರ್, ಕ್ಷಮಿಸಿ. ನಾನು ಮಾಸ್ಕ್ ತೆಗೆದಾಗ್ಲೇ ಬಂತು. ನೀವು ನನ್ನ ಕಡೆ ಚಾಚಿಟ್ಟಿದ್ದ ಎಡಗಾಲಿನ ಬೂಟಿನಿಂದ."

ಕರ್ನಲ್ ಕಿವಿಯ ತುದಿ ಕೆಂಪಾಯಿತು. ನಾನು ಅವರ ಮುಖ ನೋಡಿದೆ. ಎಷ್ಟು ವರ್ಷದಿಂದ ಸಿಪಾಯಿಗಳಲ್ಲಿ ನೋಡಿದ ಮುಖ ಅದು! ಸಾಕ್ಸ್ ಟೈಟು ಎನ್ನುವ ಮುಖ.

"ಬೂಟು ಬಿಚ್ಚಿ ಸರ್" ಎಂದೆ.

"ಏನಿಲ್ಲ. ಹೊಸ ಬೂಟು ಕಚ್ಚಿದೆ ಅಷ್ಟೆ. ಕ್ಯಾಂಪ್ ಮುಗಿದ ಮೇಲೆ ತೋರಿಸ್ತೀನಿ."

"ಬಿಚ್ಚಿ ಸರ್. ಈ ಒಂದು ವಿಷಯದಲ್ಲಿ ಅಪ್ಪಣೆ ಕೊಡೋಳು ನಾನು."

ನೆಲದ ಮೇಲೆ ಕೂತು, ಅವರ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಲೇಸು ಬಿಚ್ಚಿದೆ. ಸಾಕ್ಸು ಗಾಯಕ್ಕೆ ಅಂಟಿಕೊಂಡಿತ್ತು. ಕಿರುಬೆರಳ ಪಕ್ಕದ ಗುಳ್ಳೆ ಒಡೆದು ಕೀವಾಗಿ ಕಪ್ಪಾಗಿತ್ತು. ಅಲ್ಲಿಂದ ಕೆಂಪು ಗೆರೆ ಮೀನಖಂಡದವರೆಗೆ ಏರಿತ್ತು. ಕ್ಯಾಂಪಿನ ನಡಿಗೆ ಮುಗಿಯುವಷ್ಟರಲ್ಲಿ ಬೆರಳಿರಲಿ, ಜೀವವೇ ಕಷ್ಟವಿತ್ತು. ಅದೇ ಮಧ್ಯಾಹ್ನ ಆಸ್ಪತ್ರೆಗೆ ಸೇರಿಸಿದೆವು. ಬೆರಳೂ ಉಳಿಯಿತು, ಮನುಷ್ಯರೂ ಉಳಿದರು. ನೀನು ಆತಂಕದಲ್ಲಿ ಓದಬಾರದೆಂದು ಮುಂಚೆಯೇ ಹೇಳಿಬಿಡುತ್ತೇನೆ.

ಡೆಲ್ಗಾಡೊ ಗೋಡೆಗೊರಗಿ ನಿಂತಿದ್ದಳು. ಅವಳ ಕಣ್ಣು ಗಾಯದ ಮೇಲಿರಲಿಲ್ಲ, ನನ್ನ ಮೇಲಿತ್ತು.

"ಮೇಡಂ, ನಿಜವಾಗ್ಲೂ ವಾಸನೆ ಇದೆಯಾ? ಇಲ್ಲಾ ಗಾಯ ಬೇರೆ, ನನ್ನ ಮೂಗಿನ ಸುಳ್ಳು ಬೇರೆಯಾ?"

ಮಾಸ್ಕನ್ನು ಗಲ್ಲಕ್ಕೆ ಇಳಿಸಿದೆ. ಥೂ! ಡಾಕ್ಟರಾಗಿ ಏನೆಲ್ಲ ಮೂಸಿದ್ದೇನೆ, ಯಾವ ದುರ್ನಾತಕ್ಕೂ ಅಷ್ಟು ಸಂತೋಷಪಟ್ಟಿರಲಿಲ್ಲ.

"ಇದೆ ಕಣಮ್ಮ" ಎಂದೆ, ಕನ್ನಡದಲ್ಲೇ. "ಇದೆ, ಇದೆ! ಕೋಣೆ ತುಂಬಾ ಇದೆ!"

ಭಾಷೆ ಬಾರದಿದ್ದರೂ ಅವಳಿಗೆ ಅರ್ಥವಾಯಿತು. ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, ಗೋಡೆಯುದ್ದಕ್ಕೂ ಜಾರಿ ನೆಲಕ್ಕೆ ಕೂತು ಅಳತೊಡಗಿದಳು. ನಾನೂ ಅತ್ತೆ. ಕರ್ನಲ್ ಸಾಹೇಬರು ನನ್ನ ತೊಡೆಯ ಮೇಲೆ ಬರಿಗಾಲು ಇಟ್ಟುಕೊಂಡು, ಅಳುವ ಇಬ್ಬರು ಹೆಂಗಸರ ನಡುವೆ ಏನು ಮಾಡಬೇಕೆಂದು ತಿಳಿಯದೆ ಸೂರು ನೋಡುತ್ತಿದ್ದರು. ಕೊನೆಗೆ ಗಂಟಲು ಸರಿಮಾಡಿಕೊಂಡರು.

"ಸಾರ್ಜೆಂಟ್ ಡೆಲ್ಗಾಡೊ, ನಾಳೆ ಕ್ಯಾಂಪಿನಲ್ಲಿ ಎಲ್ಲರಿಗೂ ತಿಂಡಿ ಆಗಬೇಕಲ್ಲ. ಇಲ್ಲಿ ಕೂತು ಅಳ್ತಿದ್ರೆ ಒಲೆ ಹಚ್ಚೋರು ಯಾರು?"